ಹದಿನೇಳನೆಯ ಕ್ರ್ಯಾಶ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.20

ಮತ್ತೆ ಬಿತ್ತು. ಹದಿನೇಳನೆಯ ಸಲ. ಆಸ್ಪತ್ರೆಯ ಲ್ಯಾಬ್ ವರದಿಗಳೆಲ್ಲ ನಮ್ಮ ಡೇಟಾಬೇಸ್ ಸರ್ವರಿನಲ್ಲಿವೆ. ಅದು ಬಿದ್ದರೆ ನಾಲ್ಕು ನಿಮಿಷ ಯಾರ ವರದಿಯೂ ಸಿಗದು. ಬಿಟ್ಟುಕೊಟ್ಟ ಮೆಮೊರಿಯನ್ನೇ ಪ್ರೋಗ್ರಾಂ ಮತ್ತೆ ಓದಲು ಹೋಗುತ್ತಿದೆ. ಖಾಲಿ ಮಾಡಿದ ಮನೆಗೆ ಹಳೆಯ ಬಾಡಿಗೆದಾರ ಕೀಲಿ ಹಿಡಿದು ಬಂದ ಹಾಗೆ. ಯಾವ ಸಾಲಿನಲ್ಲಿ ಎಂಬುದೇ ಗೊತ್ತಿಲ್ಲ. ತಪಾಸಣೆಯ ಟೂಲ್ ಹಾಕಿ ಕೂತರೆ ಸರ್ವರ್ ಸಾಧು. ತೆಗೆದೆನೋ, ಬಿತ್ತು. ದರಿದ್ರ.

ಮಧ್ಯಾಹ್ನ 3

ಮ್ಯಾನೇಜರ್ ಕರೆದರು.

"ಜನವರಿಗೆ ಮುಂಚೆ ಬೀಳ್ತಿತ್ತೇನ್ರೀ?"

"ಇಲ್ಲ ಸರ್."

"ಜನವರಿಯಲ್ಲಿ ಹೊಸ ಕೋಡ್ ಹಾಕಿದ್ದು ಯಾರು?"

ಗುಬ್ಬಿ. ಕುರ್ಚಿಯ ತುದಿಯಲ್ಲೇ ಕೂರುತ್ತಾಳೆಂದು ಆ ಹೆಸರು. ಬಂದು ಎಂಟು ತಿಂಗಳು, ಇನ್ನೂ ಪ್ರೊಬೇಷನ್.

"ಅವಳ ಕೋಡೇ ಕಾರಣ ಅಂತ ಎರಡು ಸಾಲು ಬರೆದು ಸಹಿ ಹಾಕಿ. ಆಸ್ಪತ್ರೆಯವರಿಗೆ ಏನಾದ್ರೂ ತೋರಿಸ್ಬೇಕಲ್ಲ."

ಎರಡು ಸಾಲಂತೆ. ಇವರಪ್ಪನ ಮನೆಯ ಗಂಟು.

ಮಾರ್ಚ್ 5, ಬುಧವಾರ

ಅವಳ ಕೋಡನ್ನು ಮೂರು ಸಲ ಓದಿದೆ. ತಪ್ಪು ಕಾಣಲಿಲ್ಲ.

"ಸರ್, ನನ್ನ ಭಾಗ ತೆಗೆದು ಒಂದು ವಾರ ನೋಡೋಣ. ಆಗ್ಲೂ ಬಿದ್ರೆ?" ಅಂದಳು.

"ವಾರ ಎಲ್ಲಿದೆ ನನ್ನತ್ರ?" ಎಂದು ಗದರಿದೆ. ಇಡೀ ಹಾಲ್ ತಿರುಗಿ ನೋಡಿತು.

ಸಂಜೆ ಪತ್ರ ಬರೆದೆ. 'ಬಹುಶಃ' ಎಂದು ಸೇರಿಸಿದ್ದೆ. ಮ್ಯಾನೇಜರ್ ಹೊಡೆದುಹಾಕಿದರು. ಹೊಸ ಪ್ರತಿಗೆ ಮತ್ತೆ ಸಹಿ ಹಾಕಿದೆ.

ಮಾರ್ಚ್ 13, ಗುರುವಾರ

ಗುಬ್ಬಿಯನ್ನು ಕೆಲಸದಿಂದ ತೆಗೆದು ಆರು ದಿನ. ಅವಳ ಕೋಡನ್ನೂ ತೆಗೆದಾಯಿತು.

ಇವತ್ತು ಸರ್ವರ್ ಬಿತ್ತು. ಹದಿನೆಂಟು.

ಮನೆಗೆ ಬಂದು ಬಾಗಿಲು ದಬಾರನೆ ಹಾಕಿದೆ. "ಕಂಪ್ಯೂಟರ್ ಮೇಲಿನ ಸಿಟ್ಟನ್ನ ಬಾಗಿಲ ಮೇಲೆ ಯಾಕ್ರೀ ತೋರಿಸ್ತೀರಿ?" ಅಂದಳು ಹೆಂಡತಿ.

ಮಾರ್ಚ್ 14, ಶುಕ್ರವಾರ

ಆಸ್ಪತ್ರೆಗೇ ಹೋದೆ. ಮೂರು ತಿಂಗಳಲ್ಲಿ ಮೊದಲ ಸಲ. ವರದಿ ಕೌಂಟರಿನ ಹೆಂಗಸಿನ ಪಕ್ಕ ಕೂತೆ.

"ವರದಿ ತಡ ಆದ್ರೆ ಏನ್ಮಾಡ್ತೀರಕ್ಕಾ?"

"ಇನ್ನೇನು, 'ರದ್ದು' ಒತ್ತೋದು, ಮತ್ತೆ ಕೇಳೋದು. ನಿಮ್ಮ ಸರ್ವರ್ ನಿದ್ದೆ ಹೋಗಿರತ್ತೆ, ತಟ್ಟಿ ಎಬ್ಬಿಸ್ಬೇಕು."

"ಎಷ್ಟು ಸಲ?"

"ಎದ್ದೇಳೋವರೆಗೂ."

ಒತ್ತಿ ತೋರಿಸಿ ಎಂದೆ. ಪಟಪಟ ಒತ್ತಿದರು. ಆರನೆಯದಕ್ಕೆ ಪರದೆ ಖಾಲಿ. ಹತ್ತೊಂಬತ್ತು.

"ನೀವೇ ಒತ್ತಿ ಅಂದಿದ್ದು. ಆಮೇಲೆ ನನ್ನ ತಲೆಗೆ ಕಟ್ಬೇಡಿ."

ಆ 'ರದ್ದು' ಗುಂಡಿ ಆಸ್ಪತ್ರೆಯವರ ಪರದೆಗೆ ಬಂದದ್ದೂ ಜನವರಿಯಲ್ಲೇ. ಜನವರಿಯಲ್ಲಿ ಇನ್ನೇನು ಬದಲಾಯಿತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸಂಜೆ 5

ಸರ್ವರಿನಲ್ಲಿ ರದ್ದು ಮಾಡುವ ಭಾಗ ತೆರೆದೆ. ಎರಡನೆಯ ರದ್ದು ಬಂದಾಗ ಮೊದಲನೆಯದು ಮುಗಿಯಿತೇ ಎಂದು ನೋಡುವುದೇ ಇಲ್ಲ. ಒಂದು ಕಡೆ ಇನ್ನೂ ಓದುತ್ತಿರುವಾಗಲೇ ಇನ್ನೊಂದು ಕಡೆ ಮೆಮೊರಿ ಬಿಟ್ಟುಕೊಡುತ್ತದೆ. ಮೊದಲು ಗುಂಡಿ ಇರಲಿಲ್ಲ, ಹಾಗಾಗಿ ನಾಲ್ಕು ವರ್ಷ ಆ ದಾರಿಯಲ್ಲಿ ಯಾರೂ ಬರಲಿಲ್ಲ.

ಬರೆದವನ ಹೆಸರು ಮೇಲೆಯೇ ಇದೆ. ನನ್ನದು.

ಯಾರ ಮೇಲೆ ರೇಗಲಿ ಈಗ?

ಮಾರ್ಚ್ 17, ಸೋಮವಾರ

ಸರಿಪಡಿಸಿದೆ. ಶನಿವಾರ, ಭಾನುವಾರ ಎರಡೂ ದಿನ ಸಾವಿರಾರು ಸಲ ರದ್ದು ಮಾಡಿ ನೋಡಿದೆ. ಬೀಳಲಿಲ್ಲ. ಮ್ಯಾನೇಜರಿಗೆ ಎಲ್ಲ ಹೇಳಿದೆ.

"ಸರಿ ಹೋಯ್ತಲ್ಲ, ಬಿಡಿ. ಹಳೇದನ್ನ ಕೆದಕಿದ್ರೆ ನಿಮ್ಮ ಕುತ್ತಿಗೆಗೇ ಬರತ್ತೆ."

"ಬರಲಿ. ನನ್ನದೇ ಅಲ್ವಾ ತಪ್ಪು."

"ತಲೆ ಕೆಟ್ಟಿದೆ ನಿಮಗೆ."

ಕೆಟ್ಟಿದೆ. ಎರಡು ಸಾಲಲ್ಲ, ಎರಡು ಪುಟ ಬರೆದೆ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 11

ಪತ್ರ ಆಸ್ಪತ್ರೆಗೂ ಹೋಯಿತು, ಮ್ಯಾನೇಜರಿನ ಮೇಲಿನವರಿಗೂ ಹೋಯಿತು. ಗುಬ್ಬಿಗೆ ಫೋನ್ ಮಾಡಿದೆ. ಮೂರನೆಯ ಸಲಕ್ಕೆ ಎತ್ತಿದಳು. ಪತ್ರ ಓದಿ ಹೇಳಿದೆ.

"ನನ್ನ ಮೇಲೆ ಬರೆದು ಸಹಿ ಹಾಕಿದಾಗ ತಪ್ಪು ನಿಮ್ಮದು ಅಂತ ಗೊತ್ತಿತ್ತಾ ಸರ್?"

ಇಲ್ಲ ಎಂದೆ.

"ನನ್ನದು ಅಂತ ಗೊತ್ತಿತ್ತಾ?"

ಅದೂ ಇಲ್ಲ ಎಂದೆ.