ಪೂರ್ವದ ಕಡೆಯ ಜಾಗ

ಹೊಂಗೇಮರದ ಬಡಾವಣೆ, ತುಮಕೂರು
ಫೆಬ್ರವರಿ 30, 2148

ಬಡಾವಣೆಯ ಹಿರಿಯರಿಗೆ ಸರ್ವಮಂಗಳಳ ನಮಸ್ಕಾರಗಳು.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ನಮ್ಮದರಲ್ಲಿದೆ. ಯಾಕೆಂದು ವಿವರಿಸುವಷ್ಟು ತ್ರಾಣ ನನಗಿಲ್ಲ. ನಡುವೆ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಬರುವ ಭಾನುವಾರ ನೀವು ಸಭೆ ಸೇರುತ್ತೀರಿ. ಇಪ್ಪತ್ತೆರಡು ಮಹಡಿಯ ಕಟ್ಟಡ ಬೇಕೋ ಬೇಡವೋ ಎಂದು ಗಂಟಲು ಹರಿದುಕೊಳ್ಳುತ್ತೀರಿ. ಊರಿಗೆ ಮನೆಗಳು ಬೇಕು ಎಂದು ಒಂದು ಗುಂಪು, ನಮ್ಮ ಅಂಗಳ ಕತ್ತಲಾಗುತ್ತದೆ ಎಂದು ಇನ್ನೊಂದು. ಕೊನೆಗೆ ರಾಜಿಯಾಗುತ್ತದೆ. ಮಹಡಿಗಳು ಹನ್ನೆರಡಕ್ಕೆ ಇಳಿಯುತ್ತವೆ. ಕಡಿಮೆಯಾದ ಮನೆಗಳಿಗೆ ಬದಲಾಗಿ ಪೂರ್ವದ ಕಡೆಯ ಖಾಲಿ ಜಾಗದಲ್ಲಿ ಇನ್ನೊಂದು ಕಟ್ಟಡಕ್ಕೆ ಒಪ್ಪಿಗೆ ಕೊಡುತ್ತೀರಿ. ಗೆದ್ದೆವೆಂದು ಎರಡೂ ಗುಂಪಿನವರು ಕೇಸರಿಬಾತ್ ತಿಂದು ಮನೆಗೆ ಹೋಗುತ್ತೀರಿ. ಆ ಕೇಸರಿಬಾತಿನ ಸಮೇತ ಈ ಕಥೆ ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲೇ ನನ್ನವರೆಗೆ ಬಂದಿದೆ.

ನಾನಿರುವುದು ಆ ಮೊದಲನೆಯ ಕಟ್ಟಡದಲ್ಲಿ. ಒತ್ತೊತ್ತಾಗಿ ಬದುಕುವುದರ ಬಗ್ಗೆ ನನ್ನ ತಕರಾರಿಲ್ಲ. ಕೆಳಗಿನವರು ಮೆಣಸಿನಕಾಯಿ ಹುರಿದರೆ ನಾವು ಸೀನುತ್ತೇವೆ, ನಮಗೆ ಜ್ವರ ಬಂದರೆ ಅವರು ಗಂಜಿ ತರುತ್ತಾರೆ. ಇಲ್ಲದಿರುವುದು ಬಿಸಿಲು. ಎರಡು ಕಟ್ಟಡಗಳ ಸಂದಿಯಿಂದ ತೂರಿಕೊಂಡು ಬೆಳಗ್ಗೆ ಸ್ವಲ್ಪ ಹೊತ್ತು ನಮ್ಮ ಮಹಡಿಯ ಹಾದಿಯ ಒಂದು ಮೂಲೆಗೆ ಬೀಳುತ್ತದೆ, ಅಷ್ಟೆ. ಅದನ್ನು ಮನೆಗೊಂದು ಸರದಿಯಂತೆ ಹಂಚಿಕೊಳ್ಳುತ್ತೇವೆ. ನಾಲೆಯ ನೀರಿಗೆ ನಿಮ್ಮವರು ಪಾಳಿ ಕಾಯುತ್ತಿದ್ದರಲ್ಲ, ನಮ್ಮದು ಬಿಸಿಲುಪಾಳಿ. ಹಪ್ಪಳದ ತಟ್ಟೆ, ಒದ್ದೆ ಹಾಸಿಗೆ, ಮಂಡಿನೋವಿನ ಮುದುಕರು, ಎಲ್ಲಕ್ಕೂ ಅದೇ ಮೂಲೆ.

ಮಗಳಿಗೆ ಹೆರಿಗೆಯಾಗಿದೆ, ಹೆಣ್ಣುಮಗು. ಎಣ್ಣೆ ತಿಕ್ಕಿ ಕೂಸನ್ನು ಎಳೆಬಿಸಿಲಿಗೆ ಹಿಡಿಯುವುದನ್ನು ನಾವಿನ್ನೂ ಬಿಟ್ಟಿಲ್ಲ. ಆದರೆ ನಮ್ಮ ಪಾಳಿ ದೂರವಿತ್ತು. ಪಕ್ಕದ ಮನೆಯ ಪುಟ್ಟಹೊನ್ನಯ್ಯನವರು, ದಿನವಿಡೀ ಕೆಮ್ಮುವ ಮನುಷ್ಯ, ತಮ್ಮದನ್ನು ಬಿಟ್ಟುಕೊಟ್ಟರು. “ತಗಳಮ್ಮ, ಮಗೀಗಾಗ್ಲಿ. ಈ ಮೂಳೆಗೆ ಬಿಸ್ಲು ಕಾಣ್ಸಿ ಇನ್ನೇನಾಗ್ಬೇಕು?” ಎಂದರು. ನಾನು ನಾಚಿಕೆ ಬಿಟ್ಟು ತೆಗೆದುಕೊಂಡೆ.

ಇವತ್ತು ಸಂಜೆ ನಮ್ಮದೂ ಒಂದು ಸಭೆ ಇದೆ. ಆ ಸಂದಿಯನ್ನೂ ಮುಚ್ಚಿ ಅಲ್ಲಿ ಕೋಣೆಗಳನ್ನು ಕಟ್ಟಬೇಕಂತೆ, ಹಾದಿಮನೆಯವರಿಗೆ. ಎಂದರೆ ಮನೆ ಸಿಗದೆ ಹಾದಿಯಲ್ಲೇ ಪರದೆ ಕಟ್ಟಿಕೊಂಡು ಸಂಸಾರ ಮಾಡುವವರಿಗೆ. ಮೊನ್ನೆ ಅವರಲ್ಲೊಬ್ಬಳು ಆ ಪರದೆಯ ಹಿಂದೆಯೇ ಹೆತ್ತಳು. ಅವಳ ಮುಖ ನೋಡಿಕೊಂಡು, ನನ್ನ ಮೊಮ್ಮಗಳಿಗೆ ಬಿಸಿಲು ಬೇಕು, ನಿನಗೆ ಗೋಡೆ ಬೇಡ ಎಂದು ಹೇಗೆ ಹೇಳಲಿ? ನಾನೂ ಕೈ ಎತ್ತುತ್ತೇನೆ. ಎತ್ತಿ ಬಂದು ಅಳುತ್ತೇನೆ.

ನಿಮಗೆ ಇನ್ನೂ ಜಾಗವಿದೆ. ಇಪ್ಪತ್ತೆರಡಲ್ಲ, ಬೇಕಾದರೆ ಮೂವತ್ತು ಮಹಡಿ ಕಟ್ಟಿ, ಜನಕ್ಕೆ ಮನೆಯಾಗಲಿ. ಪೂರ್ವದ ಕಡೆಯ ಜಾಗ ಮಾತ್ರ ಬಿಟ್ಟುಬಿಡಿ. ಭಾನುವಾರ ಎಲ್ಲರೂ ಮಹಡಿಗಳ ಲೆಕ್ಕಕ್ಕೆ ಜಗಳವಾಡುವಾಗ ನಿಮ್ಮಲ್ಲಿ ಒಬ್ಬರಾದರೂ ಎದ್ದು ಆ ಜಾಗದ ಮಾತೆತ್ತಿ. ನಗುತ್ತಾರೆ, ನಗಲಿ.

ಪಾಳಿ ಮುಗಿಯಿತು. ಕೂಸಿನ ಅಂಗಾಲು ಈಗಷ್ಟೇ ಬೆಚ್ಚಗಾಗಿತ್ತು. ಒಳಗೆ ಎತ್ತಿಕೊಂಡು ಹೋಗುತ್ತೇನೆ.