ಹಗೇವಿನಿಂದ ಬಂದ ಕೂಗು

ಸಾಂಗಲಿ
೯ ನವೆಂಬರ್ ೧೯೬೬

ಪ್ರೀತಿಯ ತಂಗಿ ಹೀರಾ,

ಜಯ ಜಿನೇಂದ್ರ. ದಸರೆಗೆ ಬಂದ ನಿನ್ನ ಪತ್ರಕ್ಕೆ ದೀಪಾವಳಿ ಬಂದರೂ ಉತ್ತರ ಬರೆದಿಲ್ಲ, ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ನಿನ್ನ ಅತ್ತಿಗೆ ಶಾಲನ ಆರಾಮಿದ್ದಾಳೆ. ನಾನೂ ಈಗ ಆರಾಮ. ಹದಿನೈದು ದಿನದ ಹಿಂದೆ ಹಾಗಿರಲಿಲ್ಲ.

ನಮ್ಮ ಸೊಸೈಟಿಯ ಅರಿಶಿನವನ್ನು ಹರಿಪುರದಲ್ಲಿ ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತೇವೆ. ಬಾಯಿ ತೆರೆದ ಮೇಲೆ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಹಮಾಲರಿಗೆ ಇದನ್ನು ವರ್ಷಗಟ್ಟಲೆ ಹೇಳುತ್ತ ಬಂದವನು ನಾನೇ. ಆ ದಿನ ಯಾಕೋ ಕಾಯಲಿಲ್ಲ. ಅವರೆಲ್ಲ ಊಟಕ್ಕೆ ಕೂತಿದ್ದರು, ಒಂದು ಹಿಡಿ ಮಾದರಿ ತರೋಣವೆಂದು ಏಣಿ ಹಿಡಿದು ಇಳಿದೆ.

ಕೆಳಗೆ ಹೆದರಿಕೆಯೇ ಆಗಲಿಲ್ಲ, ಹೀರಾ. ಅರಿಶಿನದ ವಾಸನೆ ಬೆಚ್ಚಗೆ ಸುತ್ತಿಕೊಂಡಿತು. ಮೇಲೆ ಅಂಗೈಯಗಲ ಆಕಾಶ. ಕಾಲು ಹಗುರಾಗಿ, ಕೃಷ್ಣೆಯಲ್ಲಿ ಅಂಗಾತ ತೇಲುತ್ತಿದ್ದೇನೆ ಅನಿಸಿತು. ದಡದಲ್ಲಿ ಅವ್ವ ಬಟ್ಟೆ ಒಗೆಯುವ ಸಪ್ಪಳವೂ ಕೇಳಿತು. ಎಷ್ಟು ವರ್ಷದ ಹಿಂದಿನ ಸಪ್ಪಳ!

ಎಚ್ಚರವಾದಾಗ ಬೇವಿನ ಮರದ ಕೆಳಗೆ ಮಲಗಿದ್ದೆ. ಹಮಾಲ ಹುಲಿಗೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಉಸಿರು ಬಿಗಿಹಿಡಿದು ನನ್ನನ್ನು ಎತ್ತಿದ್ದನಂತೆ.

"ದೇವ್ರು ಅದಾನ್ರಿ ಅಣ್ಣಾರ," ಅಂದ.

ನನ್ನ ಸ್ವಭಾವ ನಿನಗೆ ಗೊತ್ತು. ನಾಲಿಗೆ ತೊದಲುತ್ತಿದ್ದರೂ ವಾದ ಬಿಡಲಿಲ್ಲ. ಅದಕ್ಕೆ ಸಾಕ್ಷಿ ಏನು ಎಂದು ಕೇಳಿದೆ. ಜಗತ್ತನ್ನು ಮಾಡಿದವನು ಯಾರೂ ಇಲ್ಲ, ಮುಕ್ತರಾದವರು ನಮ್ಮ ಕೂಗಿಗೆ ಓಗೊಡುವುದಿಲ್ಲ ಎಂದು ನಾವು ಪಾಠಶಾಲೆಯಲ್ಲಿ ಕಲಿತದ್ದನ್ನೇ ಒಪ್ಪಿಸಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡ.

"ಒಳಗಿಂದ 'ದೇವರೇ' ಅಂತ ನೀವ ಒದರಿದ್ರಿ. ಅದನ್ನ ಕೇಳೇ ನಾ ಓಡಿ ಬಂದೇನಿ."

ನನಗೆ ನೆನಪೇ ಇಲ್ಲ. "ಹಂಗಾದ್ರ ಕೇಳಿದಾಂವ ನೀನು, ದೇವರಲ್ಲ," ಅಂದೆ.

"ಇರ್ಲಿ ಬಿಡ್ರಿ. ಯಾರರೆ ಒಬ್ರು ಕೇಳಿದ್ರಲ್ಲ."

ಸಂಜೆ ಅವನ ಹೆಂಡತಿ ತಂಗೆವ್ವ ಸಂಗಮದ ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಬಂದು, ನನ್ನ ಕೈಗೂ ಒಂದು ಚೂರು ಇಟ್ಟಳು. ತಿಂದೆ. ದೇವರಿದ್ದಾನೆಂದು ಹುಲಿಗೆಪ್ಪ ಸಾಧಿಸಿ ತೋರಿಸಲಿಲ್ಲ. ಇಲ್ಲವೆಂದು ತೋರಿಸಲು ನನ್ನಿಂದಲೂ ಆಗಲಿಲ್ಲ. ಈಗ ಮುಂಜಾನೆ ಬಸದಿಯಲ್ಲಿ ಕಣ್ಣು ಮುಚ್ಚಿ ಕೂತರೆ ವಾದ ಯಾವುದೂ ಹತ್ತಿರ ಬರುವುದಿಲ್ಲ. ಏನೋ ಒಂದು ಹಳದಿ ಮಬ್ಬು, ಅದರೊಳಗೆ ನಾನು ಸುಮ್ಮನೆ ತೇಲುತ್ತಿರುತ್ತೇನೆ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯಲಿ, ನಿನ್ನ ಅಂಗಳದಲ್ಲಿ ಅವರ ಗದ್ದಲ ನಿಲ್ಲದಿರಲಿ.

ನಿನ್ನ ಅಣ್ಣ,
ಪಾಯಪ್ಪ

ತಾ.ಕ.: ನನ್ನ ಮಗಳು ಚಂಪಾ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡು ನಾಲ್ಕು ವರ್ಷವಾಯಿತು. ನಿದ್ದೆಯಲ್ಲೇ ಹೋದಳೆಂದು ನಿಮಗೆಲ್ಲ ಹೇಳಿದ್ದೆ. ಅದು ಸುಳ್ಳು. ಆವತ್ತು ಮುಂಜಾನೆ ಅವಳು, "ಅಪ್ಪಾ, ನೋವು ಭಾಳ ಆದಾಗ ದೇವರನ್ನ ಕರದ್ರ ಕೇಳ್ತಾನೇನು?" ಎಂದು ಕೇಳಿದಳು. ಒಂಬತ್ತು ವರ್ಷದ ಕೂಸಿಗೆ ನಾನು ಸಿದ್ಧಾಂತ ಹೇಳಿದೆ, ಕೇಳುವವರು ಯಾರೂ ಇಲ್ಲವೆಂದು. "ಆತು" ಅಂದಳು. ಸಂಜೆ ಜೀವ ಹೋಗುವವರೆಗೂ ತುಟಿ ಕಚ್ಚಿಕೊಂಡು ಮಲಗಿದ್ದಳು, ಹೀರಾ. ಯಾರನ್ನೂ ಕರೆಯಲಿಲ್ಲ. ಪಕ್ಕದಲ್ಲೇ ಕೂತಿದ್ದ ನನ್ನನ್ನೂ.