ಸಾಲು ಹಿಡಿದು ನೆಟ್ಟ ಜೇಕು

ಪ್ರೀತಿಯ ಅಪ್ಪ,

ಇವತ್ತು ಬೆಳಿಗ್ಗೆ ನಿನ್ನ ಗದ್ದೆಯ ಬೆದರುಬೊಂಬೆಯ ಹೆಗಲ ಮೇಲೆ ಒಂದು ಗುಬ್ಬಿ ಕೂತಿತ್ತು. ನೀನು ಕಂಡಕ್ಟರ್ ಆಗಿದ್ದಾಗ ಹಾಕುತ್ತಿದ್ದ ಖಾಕಿ ಷರಟನ್ನೇ ತೊಡಿಸಿದ್ದೀಯಲ್ಲ, ಅದರ ಕಾಲರಿಗೆ ಕೊಕ್ಕು ಒರೆಸಿಕೊಂಡು, ಅರ್ಧ ಎಕರೆ ಗದ್ದೆಯನ್ನು ಒಂದು ಸಲ ನಿಧಾನವಾಗಿ ನೋಡಿ, ಎಲ್ಲೂ ಬಾಯಿ ಹಾಕದೆ ಪಕ್ಕದ ರಾಗಿ ಹೊಲಕ್ಕೆ ಹಾರಿಹೋಯಿತು. ನೀನು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೀಯ, "ಕಂಡಕ್ಟ್ರು ಅಂದ್ರೆ ಹಕ್ಕಿಗೂ ಭಯ ಐತೆ ಕಣ್ರಯ್ಯಾ, ಒಂದು ಕಾಳು ಮುಟ್ಟಿಲ್ಲ!" ಅಪ್ಪ, ಹಕ್ಕಿಗೆ ಭಯವಿಲ್ಲ. ಅದಕ್ಕೆ ಅಲ್ಲಿ ತಿನ್ನಲು ಏನೂ ಸಿಗಲಿಲ್ಲ. ನಿನ್ನ ಗದ್ದೆಯಲ್ಲಿ ಬೆಳೆದಿರುವುದು ಭತ್ತವಲ್ಲ. ಜೇಕು, ಬರೀ ಕಳೆ.

ಬರೆದುಬಿಟ್ಟೆ. ಎರಡು ತಿಂಗಳಿಂದ ಹೇಳದೆ ಉಳಿಸಿಕೊಂಡಿದ್ದ ಮಾತು. ನೀನು ಭಾನುವಾರ ಊರಿಗೆಲ್ಲ ಗದ್ದೆ ತೋರಿಸುವ ಕಾರ್ಯಕ್ರಮದ ಫ್ಲೆಕ್ಸ್ ತರಲು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೀಯ. ಸಂಜೆಯೊಳಗೆ ಇದನ್ನು ಬರೆದು ಮುಗಿಸಬೇಕು. "ಇಪ್ಪತ್ತೈದು ವರ್ಷಗಳ ನಂತರ ನಮ್ಮೂರ ಕೆರೆಯ ನೀರಿನಲ್ಲಿ ಮೊದಲ ಭತ್ತ" ಎಂದು ನನ್ನ ಕೈಯಲ್ಲೇ ಬರೆಸಿದೆಯಲ್ಲ, ಆಗ ನೀನು, "ಎಂ.ಎ. ಮಾಡಿದ್ರೂ ಅಕ್ಷರ ಸೊಟ್ಟ ಯಾಕಮ್ಮಾ?" ಎಂದು ಕೇಳಿದೆ. ಅಕ್ಷರ ನೆಟ್ಟಗೇ ಇತ್ತು ಅಪ್ಪ. ಸೊಟ್ಟಗಿದ್ದದ್ದು ವಿಷಯ.

ನಿನ್ನೊಬ್ಬನದೇ ತಪ್ಪಲ್ಲ. ಕೆರೆ ಒಣಗಿ ಇಪ್ಪತ್ತೈದು ವರ್ಷವಾದ ಮೇಲೆ ಈ ಊರಿನಲ್ಲಿ ಭತ್ತದ ಪೈರನ್ನು ಹತ್ತಿರದಿಂದ ನೋಡಿದವರು ಯಾರು ಉಳಿದಿದ್ದಾರೆ? ಕೆರೆಯ ಕೆಳಗಿನ ಗದ್ದೆಗಳೆಲ್ಲ ದ್ರಾಕ್ಷಿ ತೋಟವಾದವು, ನೀಲಗಿರಿ ತೋಪಾದವು, ಎರಡು ಸೈಟುಗಳೂ ಆದವು. ಅಮ್ಮ ಸಾಸಲಿನ ಒಣಸೀಮೆಯ ಕಡೆಯವಳು. ಅವಳ ಪಾಲಿಗೆ ಭತ್ತ ಎಂದರೆ ಅಂಗಡಿಯಲ್ಲಿ ಚೀಲದಲ್ಲಿ ಬರುವ ಅಕ್ಕಿಯ ಹಿಂದಿನ ಜನ್ಮ. ನೀನು ಗದ್ದೆಗೆ ಕಾಲಿಡದೆ ಹದಿನೆಂಟಕ್ಕೇ ಊರು ಬಿಟ್ಟು ಬಸ್ಸು ಹತ್ತಿದವನು. ಕೆರೆ ತುಂಬಿದ ವರ್ಷವೇ ನೀನು ರಿಟೈರಾಗಿ ಬಂದೆ. ಅಜ್ಜಿ ಜಗಲಿಯಲ್ಲಿ ಕೂತು, "ಸಾಯೋಕ್ ಮುಂಚೆ ನಮ್ ಗದ್ದೆ ಅಕ್ಕೀಲಿ ಒಂದು ತುತ್ತು ಉಂಡ್ರೆ ಸಾಕು ಕಣಪ್ಪಾ" ಎಂದಳು. ಮಾರನೆಯ ದಿನವೇ ನೀನು ಕೃಷಿ ಇಲಾಖೆಯಿಂದ ಬಿತ್ತನೆ ಬೀಜ ತಂದೆ. ಬೀಜ ಚೆನ್ನಾಗಿಯೇ ಇತ್ತು. ಅದನ್ನು ನೆನೆಹಾಕಿ, ಮೊಳಕೆ ಕಟ್ಟಿ, ಸಸಿ ಬೆಳೆಸಲು ಒಟ್ಲು ಪಾತಿ ಮಾಡಿ ಚೆಲ್ಲಿದೆ. ಆ ಒಟ್ಲಿನಲ್ಲಿ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದನ್ನು ಹೇಳಲು ಇನ್ನೂ ಸ್ವಲ್ಪ ಧೈರ್ಯ ಬೇಕು.

ನಾಟಿಯ ದಿನ ನೆನಪಿದೆಯಾ? ಸಾಲು ನೆಟ್ಟಗಿರಬೇಕೆಂದು ಹಗ್ಗ ಕಟ್ಟಿಸಿದ್ದೆ. ಒಂದು ಸಾಲು ಮುಗಿದ ಕೂಡಲೇ ಜೇಬಿನಿಂದ ಹಳೆಯ ಸೀಟಿ ತೆಗೆದು ಊದಿ "ರೈಟ್!" ಎನ್ನುತ್ತಿದ್ದೆ. ಹೆಂಗಸರೆಲ್ಲ ನಗುತ್ತ ಒಂದೊಂದು ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು. ನಾಟಿ ತಂಡದ ಮುಂದಾಳು ಭಾಗ್ಯಮ್ಮನೊಬ್ಬಳು ಸಸಿಯನ್ನು ಬೆರಳಲ್ಲಿ ಹೊರಳಿಸುತ್ತ ನಿಂತಳು.

"ಅಣ್ಣಾ, ಇದು ಬತ್ತಾನೇ ಏನಣ್ಣಾ? ಕಡ್ಡಿ ಮೂರು ಮೂಲೆ ಐತಲ್ಲ, ಜೇಕಿದ್ದಂಗೆ."

"ಜೇಕಾದ್ರೆ ಬುಡದಾಗೆ ಗಡ್ಡೆ ಇರ್ಬೇಕಲ್ವೇನಮ್ಮಾ? ಎಲ್ಲೈತೆ ಗಡ್ಡೆ, ತೋರ್ಸು!"

ಪಾಪ, ಭಾಗ್ಯಮ್ಮ ನಾಲ್ಕು ಸಸಿಯ ಬೇರು ತೊಳೆದು ಹುಡುಕಿದಳು. ರಾಗಿ ಹೊಲದ ಜೇಕನ್ನು ಜೀವನವಿಡೀ ಕಿತ್ತವಳು ಅವಳು. ಅದಕ್ಕೆ ಗಡ್ಡೆ ಇರುತ್ತದೆ. ಇದಕ್ಕಿರಲಿಲ್ಲ. "ಇಲ್ಲ ಕಣಣ್ಣೋ" ಎಂದು ಒಪ್ಪಿಕೊಂಡಳು. "ಮತ್ತೆ? ಇಲಾಖೆ ತಳಿ ಹಿಂಗೇ ಇರೋದು. ರೈಟ್!" ಎಂದು ನೀನು ಸೀಟಿ ಊದಿದೆ. ನೀರಿನಲ್ಲಿ ಬೆಳೆಯುವ ಜೇಕಿನ ಎಷ್ಟೋ ಬಗೆಗಳಿಗೆ ಗಡ್ಡೆಯೇ ಇರುವುದಿಲ್ಲ ಎಂದು ನಾನು ಓದಿಕೊಂಡದ್ದು ಅದಾದ ಒಂದು ವಾರಕ್ಕೆ.

ಓದಿಕೊಂಡು ಗದ್ದೆಗೆ ಹೋಗಿ ಒಂದೊಂದೇ ಕಡ್ಡಿ ಮುರಿದು ನೋಡಿದೆ. ಭತ್ತದ ಕಾಂಡ ದುಂಡಗೆ, ನಡುವೆ ಗಿಣ್ಣು, ಒಳಗೆ ಪೊಳ್ಳು. ಜೇಕಿನದು ಮೂರು ಮೂಲೆ, ಗಿಣ್ಣಿಲ್ಲ, ಒಳಗೆ ಬೆಂಡು. ಭತ್ತ, ರಾಗಿ, ಕಬ್ಬು, ಗಣಪತಿಗಿಡುವ ಗರಿಕೆ, ಎಲ್ಲ ಒಂದೇ ಮನೆತನದವು. ಜೇಕು ಆ ಮನೆತನದ್ದಲ್ಲ. ಮದುವೆ ಮನೆಯಲ್ಲಿ ಕೆಲವರು ಇರುತ್ತಾರಲ್ಲ, ಗಂಡಿನ ಕಡೆಯವರು ಅವರನ್ನು ಹೆಣ್ಣಿನ ಕಡೆಯವರೆಂದುಕೊಳ್ಳುತ್ತಾರೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದುಕೊಳ್ಳುತ್ತಾರೆ, ಅವರು ಮೊದಲ ಪಂಕ್ತಿಯಲ್ಲೇ ಕೂತು ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡು ಹೋಗುತ್ತಾರೆ. ನಿನ್ನ ಗದ್ದೆಯಲ್ಲಿ ನಡೆದಿರುವುದು ಅದೇ. ಪಂಕ್ತಿ ಪೂರ್ತಿ ಅವರೇ.

ಪೂರ್ತಿ ಅಲ್ಲ. ಅಲ್ಲಲ್ಲಿ ಒಂದಷ್ಟು ನಿಜವಾದ ಭತ್ತವೂ ಇತ್ತು. ಅದಕ್ಕೆ ನೀನು ಮಾಡಿದ್ದನ್ನು ನೆನೆದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಕಳೆ ಕೀಳುವ ದಿನ ಬದುವಿನ ಮೇಲೆ ನಿಂತು, "ಜಾಸ್ತಿ ಇರೋದು ಪೈರು, ಕಡ್ಮೆ ಇರೋದು ಕಳೆ. ಕೀಳ್ರಮ್ಮಾ" ಎಂದು ಸೂತ್ರ ಹೇಳಿದೆ. ಇದ್ದಬದ್ದ ಭತ್ತವನ್ನೆಲ್ಲ ಕಿತ್ತು ನನ್ನ ತಲೆಯ ಮೇಲೆ ಹೊರೆ ಹೊರಿಸಿ ಹಸುವಿಗೆ ಹಾಕಲು ಕಳಿಸಿದೆ. ನಾನು ಹೊತ್ತುಕೊಂಡು ಹೋಗಿ ಹಾಕಿದೆ. ಅದು ಎಷ್ಟು ಚೆನ್ನಾಗಿ ತಿಂದಿತೆಂದರೆ, ಈ ಮನೆಯಲ್ಲಿ ಭತ್ತದ ಗುರುತಿರುವುದು ಇದಕ್ಕೊಂದಕ್ಕೇ ಎನಿಸಿತು.

ಹೇಳಲು ಪ್ರಯತ್ನವನ್ನೇ ಮಾಡಲಿಲ್ಲವೆಂದಲ್ಲ. ಕಳೆಗಳ ಚಿತ್ರವಿದ್ದ ಪುಸ್ತಕವನ್ನು ಆ ಪುಟಕ್ಕೇ ತೆರೆದು ನಿನ್ನ ಕುರ್ಚಿಯ ಮೇಲಿಟ್ಟೆ. ನೀನು ಅದನ್ನು ಮಜ್ಜಿಗೆ ಲೋಟಕ್ಕೆ ಮುಚ್ಚಿದೆ. "ಅಪ್ಪ, ಇದು ಭತ್ತ ಅಲ್ಲ" ಎಂದು ಚೀಟಿ ಬರೆದು ಊಟದ ಡಬ್ಬಿಯಲ್ಲಿಟ್ಟೆ. ಸಂಜೆ ಬಂದವನೇ ಬೆನ್ನು ತಟ್ಟಿದೆ, "ಡಬ್ಬೀಲಿ ಕಾಗ್ದ ಇಟ್ಟಿದ್ದು ಭಾಳ ಒಳ್ಳೇದಾಯ್ತು ಕಣಮ್ಮಾ, ಸಾರು ಸೋರಿತ್ತು, ಒರ್ಸ್ಕಂಡೆ." ಅಲ್ಲಿಗೆ ನನ್ನ ಧೈರ್ಯವೂ ಒರೆಸಿಹೋಯಿತು.

ಹೂವು ಬಂದಾಗ ನೀನು ಕುಣಿದಾಡಿಬಿಟ್ಟೆ. "ನೋಡು, ಎರಡೇ ತಿಂಗ್ಳಿಗೆ ತೆನೆ!" ಕೊಡೆಯ ಕಡ್ಡಿಗಳಂತೆ ಹರಡಿದ ಆ ಹಳದಿ ತೆನೆಯೊಂದನ್ನು ತಂದು ಅಜ್ಜಿಯ ಕೈಗಿಟ್ಟೆ. ಕಣ್ಣು ಕಾಣದ ಅಜ್ಜಿ ಕಡ್ಡಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆಲ್ಲಗೆ ಹೊರಳಿಸಿದಳು. ಒಂದು ಸಲ, ಇನ್ನೊಂದು ಸಲ. "ಚೆನ್ನಾಗೈತೆ ಕಣಪ್ಪಾ" ಎಂದಳು. ನೀನು ಎದೆಯುಬ್ಬಿಸಿ ಹೊರಗೆ ಹೋದೆ. ನೀನು ಗೇಟು ದಾಟಿದ್ದನ್ನು ಕಿವಿಯಲ್ಲೇ ಖಾತ್ರಿ ಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಯಶೂ, ನಿಮ್ಮಪ್ಪ ಜೇಕು ನಾಟಿ ಮಾಡವ್ನಲ್ಲೇ."

"ನಿಂಗೆ ಹೆಂಗೆ ಗೊತ್ತಾಯ್ತಜ್ಜಿ?"

"ಕಣ್ಣು ಹೋಗೈತೆ, ಬೆಳ್ಳು ಹೋಗಿಲ್ಲ."

ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು ನೋಡು, ಕೆಮ್ಮು ಹತ್ತಿ ನಾನು ಬೆನ್ನು ನೀವಬೇಕಾಯಿತು. ಹೇಳಿಬಿಡೋಣವಾ ಎಂದು ಕೇಳಿದೆ. "ನಲ್ವತ್ತು ವರ್ಷ ಬಸ್ಸಲ್ಲಿ ನಿಂತೇ ಇದ್ದ. ಈಗ ಬದಿನ ಮೇಲೆ ಕೂತು ಪೈರು ನೋಡ್ತಾವ್ನೆ. ಇನ್ನೊಂದೆರಡು ದಿನ ಕೂತ್ಕಳ್ಳಿ ಬಿಡು" ಎಂದಳು. ಆ ಎರಡು ದಿನ ಇಪ್ಪತ್ತು ದಿನವಾಯಿತು. ಅಷ್ಟರಲ್ಲಿ ನೀನು ಕೃಷಿ ಇಲಾಖೆಯ ಅಧಿಕಾರಿ ಉಮಾಶಂಕರ್ ಸಾರನ್ನು ಕರೆದುಬಿಟ್ಟೆ, ಶಾಮಿಯಾನ ಹೇಳಿಬಿಟ್ಟೆ, ಸುತ್ತಲಿನ ಹಳ್ಳಿಗಳಿಗೆಲ್ಲ ಸುದ್ದಿ ಮುಟ್ಟಿಸಿಬಿಟ್ಟೆ. ಅವರು ಬದುವಿನ ಮೇಲೆ ಕಾಲಿಟ್ಟ ಗಳಿಗೆಯಲ್ಲೇ ಹೇಳಿಬಿಡುತ್ತಾರೆ ಅಪ್ಪ, "ಏನ್ರೀ ಆದಿನಾರಾಯಣಪ್ಪನೋರೇ, ಇದು ಜೇಕಲ್ವೇನ್ರೀ?" ಎಂದು. ನೂರು ಜನ ನಗುತ್ತಾರೆ. ಅದರಲ್ಲಿ ಹತ್ತು ಜನ ಮೊಬೈಲು ಹಿಡಿದಿರುತ್ತಾರೆ. ನಿನ್ನ ಮುಖ ಆಗ ಹೇಗಾಗುತ್ತದೆ ಎಂದು ನೆನೆದು ಮೂರು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಈಗ ಒಟ್ಲಿನ ಮಾತು.

ಮೊಳಕೆ ಬೀಜ ಚೆಲ್ಲಿದ ಮೇಲೆ ನಾಲ್ಕು ದಿನ ಹಕ್ಕಿ ಕಾಯಬೇಕೆಂದು ಅಜ್ಜಿ ಹೇಳಿದ್ದಳು. ನೀನು ನನ್ನ ಕೈಗೆ ಒಂದು ತಗಡಿನ ಡಬ್ಬ, ಒಂದು ಕೋಲು ಕೊಟ್ಟು, "ಬಡೀಬೇಕು, ಹೋ ಅಂತ ಕೂಗ್ಬೇಕು, ಅಷ್ಟೇ ಕೆಲ್ಸ" ಎಂದು ಹೋದೆ. ಅಷ್ಟೇ ಕೆಲಸ. ಆದರೆ ಒಟ್ಲು ಇದ್ದದ್ದು ಮಧುರೆ ರಸ್ತೆಯ ಪಕ್ಕದಲ್ಲಿ. ಬೈಕು, ಆಟೋ, ಕಾಲೇಜು ಹುಡುಗಿಯರು, ಎಲ್ಲರೂ ಅಲ್ಲೇ ಓಡಾಡುತ್ತಿದ್ದರು. ನನಗೆ "ಹೋ" ಎನ್ನಲು ಬಾಯಿ ಬರಲಿಲ್ಲ. ಗಂಟಲು ಸರಿ ಮಾಡಿಕೊಂಡೆ. ರಸ್ತೆ ಖಾಲಿಯಾಗಲಿ ಎಂದು ಕಾದೆ. ಖಾಲಿಯಾದಾಗ, ಇನ್ನೇನು ಯಾರಾದರೂ ಬರಬಹುದು ಎನಿಸಿತು. ಡಬ್ಬವನ್ನು ಮೆಲ್ಲಗೆ, ಬೆರಳ ತುದಿಯಲ್ಲಿ ತಟ್ಟಿದೆ. ಪಾರಿವಾಳಗಳು ಅದನ್ನು ಊಟಕ್ಕೆ ಕರೆಯುವ ವಾದ್ಯವೆಂದುಕೊಂಡಿರಬೇಕು, ಸಂಸಾರ ಸಮೇತ ಬಂದು ಇಳಿದವು. ನಾಚಿಕೆ ತಡೆಯಲಾರದೆ ಪುಸ್ತಕ ತೆರೆದು ಮುಖ ಮುಚ್ಚಿಕೊಂಡೆ. ನಾಲ್ಕು ದಿನವೂ ಹಾಗೆಯೇ. ಐದನೆಯ ದಿನ, ಕೆಸರಿನಲ್ಲಿ ಹೂತ ನಾಲ್ಕು ಕಾಳು ಬಿಟ್ಟರೆ, ಪಾತಿ ಗುಡಿಸಿಟ್ಟ ಅಂಗಳದಂತಿತ್ತು.

ನಿನಗೆ ಹೇಳಲಿಲ್ಲ. ವಾರ ಕಳೆಯುವಷ್ಟರಲ್ಲಿ ಪಾತಿಯ ತುಂಬ ಹಸಿರು ಎದ್ದಿತು. ಎಷ್ಟು ವರ್ಷದಿಂದ ಆ ಒಣಮಣ್ಣಿನಲ್ಲಿ ನೀರಿಗಾಗಿ ಕಾದು ಕೂತಿತ್ತೋ ಆ ಜೇಕಿನ ಬೀಜ. ನಾನು ಅದೇ ಭತ್ತವೆಂದು ನಂಬಿ, ದೇವರು ಮರ್ಯಾದೆ ಉಳಿಸಿದ ಎಂದು ಕೈಮುಗಿದೆ. ಉಳಿದದ್ದು ನನ್ನ ಮರ್ಯಾದೆ. ಹೋಗಲು ಹೊರಟಿರುವುದು ನಿನ್ನದು.

ಆದ್ದರಿಂದ ಅಪ್ಪ, ಕಾರ್ಯಕ್ರಮ ನಿಲ್ಲಿಸಬೇಡ. ಇಷ್ಟು ನೆಟ್ಟಗೆ ಸಾಲು ಹಿಡಿದು, ಕಳೆ ಕಿತ್ತು, ಗೊಬ್ಬರ ಕೊಟ್ಟು ಸಾಕಿದ ಜೇಕು ಇಡೀ ತಾಲ್ಲೂಕಿನಲ್ಲಿ ಇನ್ನೆಲ್ಲೂ ಇರಲಾರದು. ಬಂದವರು ಅದನ್ನು ಮುಟ್ಟಿ ನೋಡಲಿ. ಮುಂದಿನ ಸಲ ಅವರ ಗದ್ದೆಯಲ್ಲಾದರೂ ಗುರುತು ಸಿಗುತ್ತದೆ. ಕೆರೆಯಲ್ಲಿ ಇನ್ನೂ ನೀರಿದೆ, ಬೇಸಿಗೆ ಬೆಳೆಗೆ ಸಾಕು. ಅಲ್ಲಿಯವರೆಗೆ ಇರುತ್ತೀಯಾ ಎಂದು ಅಜ್ಜಿಯನ್ನು ಕೇಳಿದೆ. "ಬತ್ತ ಬೆಳ್ಯೋಗಂಟ ಸಾಯಲ್ಲ ಹೋಗೇ, ಬಿರ್ನೆ ಬೆಳೀರಿ" ಎಂದಳು.

ಸಂಜೆ ನೀನು ಬಂದಾಗ ಈ ಕಾಗದವನ್ನು ಕೈಗೆ ಕೊಟ್ಟು, ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ. ಬೈಯಬೇಕೆನಿಸಿದರೆ ಬೈದುಬಿಡು. ಭಾನುವಾರ ಉಮಾಶಂಕರ್ ಸಾರ್ ಗದ್ದೆಗಿಳಿಯುವ ಮೊದಲು ಮೈಕು ಹಿಡಿಯುವವಳು ನಾನು. ಇದು ಭತ್ತವಲ್ಲ, ಒಟ್ಲು ಕಾಯಲು ಕೂತು ಬೀಜವನ್ನೆಲ್ಲ ಹಕ್ಕಿಗೆ ಬಿಟ್ಟವಳು ನಾನು, ನಮ್ಮಪ್ಪನದು ನಾಟಿ ಮಾತ್ರ, ಅದರಲ್ಲಿ ಒಂದು ಸಾಲೂ ಸೊಟ್ಟವಿಲ್ಲ ಎಂದು ಎಲ್ಲರ ಮುಂದೆ ಹೇಳುವುದೆಂದು ತೀರ್ಮಾನಿಸಿದ್ದೇನೆ.

ನಿನ್ನ ಆರೋಗ್ಯ, ಕೆರೆಯ ನೀರು ಎರಡೂ ಹೀಗೇ ತುಂಬಿರಲಿ.

ಇಂತಿ ನಿನ್ನ ಮಗಳು,
ಯಶಸ್ವಿನಿ